ಖಾಲಿ ಡಬ್ಬಿ ಮತ್ತು ಕೆಳಗಿನ ಷಡ್ಜ

ವೀಣೆ ಮೀಟುತ್ತೇವೆ, ತಬಲಾ ಬಾರಿಸುತ್ತೇವೆ, ಕೊಳಲು ಊದುತ್ತೇವೆ, ಪಿಟೀಲು ಕುಯ್ಯುತ್ತೇವೆ. ಗಿಟಾರಿನ ಹತ್ತಿರ ಬಂದಾಗ ಮಾತ್ರ ಕನ್ನಡ ಸ್ವಲ್ಪ ತಡವರಿಸುತ್ತದೆ. ಒಂದೊಂದೇ ತಂತಿ ಹಿಡಿದು ನುಡಿಸಿದರೆ ಅದು ಮೀಟುವುದೇ ಸರಿ. ಆದರೆ ಆರೂ ತಂತಿಗಳ ಮೇಲೆ ಕೈಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಬೀಸುತ್ತಾ ಹೋಗುವ ಕೆಲಸವಿದೆಯಲ್ಲ, ಸ್ಟ್ರಮ್ಮಿಂಗ್, ಅದಕ್ಕೆ ಏನನ್ನೋದು? "ದಿನಾ ಗಿಟಾರು ಬಾರಿಸ್ಕಂಡು ಕೂತಿರ್ತಾನೆ" ಅಂತ ನಮ್ಮಮ್ಮ ನೆಂಟರ ಹತ್ತಿರ ದೂರುತ್ತಿದ್ದಳು. ತಾತ್ಸಾರಕ್ಕೆ ಹೇಳಿದ್ದು. ಇಪ್ಪತ್ತೈದು ವರ್ಷ ಕಳೆದ ಮೇಲೆ ಅನ್ನಿಸುತ್ತಿದೆ, ಆಕೆ ಹಿಡಿದ ಕ್ರಿಯಾಪದವೇ ಸರಿಯಾಗಿತ್ತು.

ನಾನು ಬಾರಿಸುವವನೇ. ಒಂಟಿಯಾಗಿ ಕೂತು ರಾಗ ಬಿಡಿಸುವ ಬೆರಳು ನನ್ನದಲ್ಲ. ಹಾಡುವವರ ಪಕ್ಕ ಕೂತು ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು, ಹಾಕಿಕೊಂಡು ಹೋಗುವವನು. ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ತಿಂಗಳಿಗೆ ಎರಡು ಶನಿವಾರ ಏಳೆಂಟು ಜನ ಸೇರುತ್ತೇವೆ. ಭಾವಗೀತೆ, ತತ್ವಪದ, ಯಾರಿಗಾದರೂ ಹುಮ್ಮಸ್ಸು ಬಂದರೆ ಹಳೇ ಚಿತ್ರಗೀತೆ. ಒಂದು ಹಾರ್ಮೋನಿಯಂ, ಒಂದು ತಬಲಾ ಜೋಡಿ, ನನ್ನ ಗಿಟಾರು, ಕೊನೆಗೆ ಉಪ್ಪಿಟ್ಟು. ಮುಖ್ಯ ಗಾಯಕರು ಧಾರವಾಡದ ಕಡೆಯ ನಿವೃತ್ತ ಮೇಷ್ಟ್ರು. ಎಪ್ಪತ್ತು ದಾಟಿದ್ದರೂ ಮೈಕ್ ಬೇಡದ ಗಂಟಲು.

ಹೋದ ವರ್ಷ ಒಂದು ಶನಿವಾರ ಹಾಡು ಮುಗಿದ ಮೇಲೆ ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ತಮ್ಮಾ, ಸಿಟ್ಟ ಆಗಬ್ಯಾಡ. ನಿನ್ನ ಗಿಟಾರ ಖಾಲಿ ಡಬ್ಬಿ ಬಡದಂಗ ಕೇಳಸ್ತದ. ಅದರೊಳಗ ಏನರೆ ತುಂಬು."

ಸಿಟ್ಟು ಬರಲಿಲ್ಲ, ಯಾಕೆಂದರೆ ನನಗೂ ಹಾಗೇ ಕೇಳುತ್ತಿತ್ತು. ಅದು ನನ್ನ ಎರಡನೇ ಗಿಟಾರು. ತೆಳು ದೇಹ, ಒಂದು ಹೆಗಲು ಕತ್ತರಿಸಿದ ಚೆಂದದ ಆಕಾರ, ಪಕ್ಕದಲ್ಲಿ ವೈರ್ ಚುಚ್ಚಲು ತೂತು, ಪುಟ್ಟ ಗುಂಡಿಗಳು. ಅಂಗಡಿಯ ಗೋಡೆಯ ಮೇಲೆ ಅದರ ನೀಲಿ ಬಣ್ಣ ನೋಡಿ ಮನಸೋತು ತಂದಿದ್ದೆ. ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಪರವಾಗಿಲ್ಲ. ಸಿಕ್ಕಿಸದೆ ಬಾರಿಸಿದರೆ ಮೇಷ್ಟ್ರು ಹೇಳಿದ್ದೇ. ಇದಕ್ಕೆ ಗಿಟಾರನ್ನು ಬಯ್ಯುವಂತಿಲ್ಲ, ಅದನ್ನು ಮಾಡಿದ್ದೇ ಸಿಕ್ಕಿಸಿ ನುಡಿಸಲಿ ಅಂತ. ಮದುವೆ ಮನೆಗೆ ಸಾರು ಮಾಡಲು ಒಗ್ಗರಣೆ ಸೌಟು ಕೊಂಡವನು ನಾನು.

ಮೊದಲನೇ ಗಿಟಾರಿನ ಕಥೆ ಇನ್ನೂ ಕೆಟ್ಟದು. ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ಟ್ಯೂಷನ್ ಹೇಳಿ ಕೂಡಿಟ್ಟ 1,700 ರೂಪಾಯಿಗೆ ತಂದಿದ್ದೆ. ಇಡೀ ಮೈ ಪ್ಲೈವುಡ್ಡು. ತಂತಿಗೂ, ಬೆರಳೊತ್ತುವ ಲೋಹದ ಪಟ್ಟಿಗಳಿರುವ ಫ್ರೆಟ್ ಹಲಗೆಗೂ ನಡುವೆ ಕಿರುಬೆರಳು ತೂರುವಷ್ಟು ಜಾಗ. ಎಫ್ ಕಾರ್ಡ್ ಹಿಡಿದರೆ ಕಣ್ಣಲ್ಲಿ ನೀರು. ಮಳೆಗಾಲದ ರಜೆಗೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಒಯ್ದೆ. ಆಗುಂಬೆಯ ಮೋಡ ನಮ್ಮ ಅಂಗಳಕ್ಕೇ ಇಳಿಯುವ ಊರದು, ಆಷಾಢದಲ್ಲಿ ಬೀರುವಿನ ಬಟ್ಟೆಗೂ ಬೂಷ್ಟು. ಗಿಟಾರಿನ ಚೀಲದ ಮೇಲೆ ಬಿಳಿ ಬೂಷ್ಟು ಕಂಡು ಅಮ್ಮ ಅದನ್ನು ಜೋಪಾನವಾಗಿ ಒಲೆಯ ಮೇಲಿನ ಅಟ್ಟದಲ್ಲಿ, ಹಪ್ಪಳದ ಡಬ್ಬಗಳ ಪಕ್ಕ ಇಟ್ಟಳು. ನಾಲ್ಕು ದಿನ ಬಿಟ್ಟು ರಾತ್ರಿ ಊಟಕ್ಕೆ ಕೂತಾಗ ತಲೆಯ ಮೇಲೆ "ಢಬ್" ಅಂತ ಸದ್ದು. ಬೆಕ್ಕು ಅಂದುಕೊಂಡೆವು. ಬಿಸಿಗೆ ಅಂಟು ಮೆತ್ತಗಾಗಿ, ತಂತಿ ಕಟ್ಟುವ ಬ್ರಿಜ್ ಇಡಿಯಾಗಿ ಕಿತ್ತು ಬಂದಿತ್ತು. ಆರು ಉಕ್ಕಿನ ತಂತಿಗಳು ಸೇರಿ ಸುಮಾರು 70 ಕೆಜಿ ಭಾರದ ಎಳೆತ ಅದರ ಮೇಲಿರುತ್ತದೆ ಅಂತ ಆಮೇಲೆ ಓದಿದೆ. ಒಬ್ಬ ದೊಡ್ಡ ಮನುಷ್ಯ ಇಪ್ಪತ್ನಾಲ್ಕು ಗಂಟೆಯೂ ಜೋತುಬಿದ್ದ ಹಾಗೆ. ಅಷ್ಟು ದಿನ ತಡೆದದ್ದೇ ಹೆಚ್ಚು.

ಮೂರನೇ ಸಲ ಎಡವಬಾರದು ಅಂತ ತೀರ್ಮಾನಿಸಿದೆ. ಬೇಕಾಗಿದ್ದು ಒಂದೇ: ತುಂಬು ನಾದ. ಅದೇನು ಅಂತ ಕೇಳಿದ್ದರೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. "ದೊಡ್ಡ ಸದ್ದು, ಜಾಸ್ತಿ ಬೇಸು" ಅನ್ನುತ್ತಿದ್ದೆನೋ ಏನೋ.

ರಾತ್ರಿಗಳೆಲ್ಲ ಯೂಟ್ಯೂಬ್ ನೋಡಿದೆ. ನಂತರ ಹೊಳೆಯಿತು, ಗಿಟಾರಿನ ತುಂಬು ನಾದವನ್ನು ಮೊಬೈಲ್ ಸ್ಪೀಕರಿನಲ್ಲಿ ಹುಡುಕುವುದು ಮೈಸೂರು ಪಾಕಿನ ಫೋಟೊ ಮೂಸಿ ತುಪ್ಪ ಚೆನ್ನಾಗಿದೆಯಾ ಅಂತ ನೋಡಿದ ಹಾಗೆ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ 82 ಸಲ ಕಂಪಿಸುತ್ತದೆ, ಅದರ ಮೇಲಿನದು 110 ಸಲ. ಕಡಲೆಕಾಯಿ ಗಾತ್ರದ ಸ್ಪೀಕರಿಗೆ ಆ ಸ್ವರದ ಬುಡ ಮುಟ್ಟುವುದೇ ಇಲ್ಲ. ನಾವು ಕೇಳಿಸಿಕೊಳ್ಳುವುದು ಅದರ ಮೇಲೆ ಕೂತ ಕೊಂಬೆಗಳನ್ನು ಮಾತ್ರ.

ಆದರೂ ಓದಿದ್ದು ವ್ಯರ್ಥವಾಗಲಿಲ್ಲ. ಗಿಟಾರಿನ ಒಡಲು ಒಂದು ಕೊಡ ಇದ್ದ ಹಾಗೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಗುಂಯ್ ಅನ್ನುತ್ತದಲ್ಲ, ಹಾಗೆ ಒಳಗಿನ ಗಾಳಿಗೂ ತನ್ನದೇ ಒಂದು ಸ್ವರ ಇರುತ್ತದೆ. ಒಡಲು ದೊಡ್ಡದಾದಷ್ಟೂ ಆ ಸ್ವರ ಕೆಳಗಿಳಿಯುತ್ತದೆ. ಅಗಲ ಒಡಲಿನ ಸಾಧಾರಣ ಡ್ರೆಡ್‌ನಾಟ್ ಗಿಟಾರಿನಲ್ಲಿ ಅದು 100 ಹರ್ಟ್ಜ್ ಆಸುಪಾಸು, ಅಂದರೆ ಸೆಕೆಂಡಿಗೆ ನೂರು ಕಂಪನ. ಈಗ ತಮಾಷೆ ನೋಡಿ. ಗಿಟಾರ್ ಅಂಗಡಿಗೆ ಹೋದವರೆಲ್ಲ ಮೊದಲು ಬಾರಿಸುವುದು ಜಿ ಕಾರ್ಡ್. ಅದರ ತಳದ ಸ್ವರ 98 ಹರ್ಟ್ಜ್. ಡಬ್ಬಿಯ ಸ್ವಂತ ಸ್ವರದ ಮೇಲೇ ಹೋಗಿ ಕೂರುತ್ತದೆ. "ಆಹಾ, ಏನು ತುಂಬಿದೆ!" ಅಂತ ನಾವು ಕಾರ್ಡ್ ತೆಗೆಯುತ್ತೇವೆ, ಬ್ಯಾಂಕಿನ ಕಾರ್ಡು. ಮನೆಗೆ ಬಂದು ಸಿ, ಎ, ಎಫ್ ಬಾರಿಸಿದಾಗ ಆ ತುಂಬು ಎಲ್ಲಿ ಹೋಯಿತು ಅಂತ ಹುಡುಕುತ್ತೇವೆ. ಗಿಟಾರ್ ಪರೀಕ್ಷೆ ಮಾಡುವಾಗ ಜಿ ಕಾರ್ಡನ್ನು ಕೊನೆಗೆ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ಅದು ಎಲ್ಲರಿಗೂ ನಕ್ಕು ಮಾತಾಡಿಸುವ ನೆಂಟ. ಮುನಿಸಿಕೊಂಡು ಕೂರುವ ಎಫ್ ಹತ್ತಿರ ಮೊದಲು ಹೋಗಿ.

ಡ್ರೆಡ್‌ನಾಟ್ ಅನ್ನುವ ಹೆಸರಿನ ಹಿಂದೆ ಒಂದು ಯುದ್ಧನೌಕೆ ಇದೆ. 1906ರಲ್ಲಿ ಬ್ರಿಟಿಷರು ನೀರಿಗಿಳಿಸಿದ ಎಚ್‌ಎಂಎಸ್ ಡ್ರೆಡ್‌ನಾಟ್, ಅಂದರೆ ಯಾವುದಕ್ಕೂ ಅಂಜದ್ದು. ಹತ್ತು ವರ್ಷದ ನಂತರ, 1916ರಲ್ಲಿ, ಅಮೆರಿಕದ ಮಾರ್ಟಿನ್ ಕಂಪನಿ ಡಿಟ್ಸನ್ ಅನ್ನುವ ವ್ಯಾಪಾರಿ ಸಂಸ್ಥೆಗಾಗಿ ಅಗಲ ಸೊಂಟದ, ಆಳ ಒಡಲಿನ ಗಿಟಾರ್ ಮಾಡಿಕೊಟ್ಟಾಗ ಆ ನೌಕೆಯ ಹೆಸರೇ ಅಂಟಿತು. ಮಾರ್ಟಿನ್ ಅದನ್ನು ತನ್ನದೇ ಹೆಸರಲ್ಲಿ ತಂದಿದ್ದು 1931ರಲ್ಲಿ. ಇವತ್ತು ಅಂಗಡಿಯಲ್ಲಿ "ಅಕೂಸ್ಟಿಕ್ ಗಿಟಾರ್ ಕೊಡಿ" ಅಂದರೆ ಕೈಗೆ ಬರುವುದು ಹೆಚ್ಚಾಗಿ ಅದೇ ಆಕಾರ, ಕೆಳಸೊಂಟ ಸುಮಾರು ಹದಿನೈದೂವರೆ ಇಂಚು. ಅದಕ್ಕಿಂತ ದೊಡ್ಡದು ಬೇಕೆಂದರೆ ಜಂಬೊ. ಗಿಬ್ಸನ್ ಕಂಪನಿ 1930ರ ದಶಕದ ಕೊನೆಗೆ ಸಿನಿಮಾದ ಹಾಡುವ ಕೌಬಾಯ್‌ಗಳಿಗಾಗಿ ಮಾಡಿದ, ಹದಿನೇಳು ಇಂಚಿನ ಗುಂಡು ಸೊಂಟದ ಗಿಟಾರು. ಅದೇ ಗಿಬ್ಸನ್ 1942ರಲ್ಲಿ ತಂದ ಜೆ-45 ಅನ್ನುವುದು ಇಳಿಜಾರು ಹೆಗಲಿನದು. ಸ್ಟ್ರಮ್ ಮಾಡಿ ಹಾಡುವವರ ಪಾಲಿಗೆ ಈಗಲೂ ದೇವರು. ಬೆಲೆಯೂ ದೇವರದೇ, ನನ್ನ 30 ಸಾವಿರದ ಬಜೆಟ್ಟಿಗೆ ಅದರ ಪೆಟ್ಟಿಗೆ ಬರಬಹುದಿತ್ತು.

ಅಂಗಡಿಗೆ ಹೋಗುವಾಗ ಮೇಷ್ಟ್ರನ್ನೂ ಕರೆದುಕೊಂಡು ಹೋದೆ. ಈ ಬರಹದಲ್ಲಿ ಬುದ್ಧಿವಂತಿಕೆ ಅಂತ ಏನಾದರೂ ಇದ್ದರೆ ಇದೊಂದೇ. ಬಳೇಪೇಟೆಯಲ್ಲಿ ಅವರ ಹಾರ್ಮೋನಿಯಂ ಶ್ರುತಿಗೆ ಕೊಟ್ಟು, ದಾರಿಯಲ್ಲಿ ದೋಸೆ ತಿಂದು, ದಕ್ಷಿಣ ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ಹೋದೆವು. ಗೋಡೆ ತುಂಬ ಗಿಟಾರುಗಳು ನೇತಾಡುತ್ತಿದ್ದವು. ಮೇಷ್ಟ್ರು ಒಂದು ಆಂಪ್ಲಿಫೈಯರ್ ಮೇಲೆ ಕೂತು ಕಣ್ಣು ಮುಚ್ಚಿದರು. ಅಂಗಡಿಯ ಹುಡುಗನಿಗೆ ಅದು ಕೂರುವ ವಸ್ತುವಲ್ಲ ಅಂತ ಹೇಳುವ ಧೈರ್ಯ ಬರಲಿಲ್ಲ.

ಮೊದಲು ಜಂಬೊ. ಬಾರಿಸಿದೆ. ನನ್ನ ಹೊಟ್ಟೆಗೇ ಸದ್ದು ತಾಗಿತು. ಗಿಟಾರ್ ನುಡಿಸುವವರಿಗೆ ಈ ಅನುಭವ ಗೊತ್ತು, ಬೆನ್ನುಹಲಗೆ ನಮ್ಮ ಪಕ್ಕೆಗೆ ಒತ್ತಿ ಕೂತಿರುತ್ತದೆ, ಅದು ನಡುಗಿದರೆ ನಾವೂ ನಡುಗುತ್ತೇವೆ. ಇದೇ, ಇದೇ ಬೇಕಾಗಿದ್ದು ಅಂದುಕೊಂಡು ಮೇಷ್ಟ್ರ ಮುಖ ನೋಡಿದೆ. ಅವರು ಕಣ್ಣು ತೆರೆಯದೆ ಒಂದು ಶರೀಫರ ಪದದ ಮೊದಲ ಸಾಲು ಎತ್ತಿಕೊಂಡರು. ಎರಡು ಸುತ್ತು ಹಾಡಿ ನಿಲ್ಲಿಸಿದರು.

"ನಾ ಹಾಡಿದ್ದು ನಿನಗ ಕೇಳಿಸ್ತೇನು?"

"ಕೇಳಿಸ್ತು."

"ನನಗ ಕೇಳಲಿಲ್ಲ."

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ಈ ಕೊಡ ತುಂಬಿಯೂ ಇತ್ತು, ತುಳುಕುತ್ತಲೂ ಇತ್ತು. ಗಂಡಸರ ದನಿಯ ಮಂದ್ರ ಎಲ್ಲಿ ಓಡಾಡುತ್ತದೋ ಅದೇ ಓಣಿಯಲ್ಲಿ ಜಂಬೊದ ಬೇಸೂ ಚಾಪೆ ಹಾಸಿ ಮಲಗಿತ್ತು. ಒಬ್ಬನೇ ಕೂತು ಬಾರಿಸಿಕೊಳ್ಳುವವನಿಗೆ ಅದಕ್ಕಿಂತ ಸುಖವಿಲ್ಲ. ಇನ್ನೊಬ್ಬರ ಹಾಡಿನ ಕೆಳಗೆ ಹಿಡಿದರೆ ಹಾಡೇ ಮುಳುಗುತ್ತದೆ. ಹುಡುಗನ ಕೈಗೆ ಗಿಟಾರು ಕೊಟ್ಟು ನಾನು ಹತ್ತು ಅಡಿ ದೂರ ನಿಂತೆ. ಅಲ್ಲಿಂದ ಕೇಳಿದರೆ ಬೇರೆಯದೇ ವಾದ್ಯ. ಗಿಟಾರಿನ ಬಾಯಿ ಇರುವುದು ಮುಂದಕ್ಕೆ, ಕಿವಿ ಇರುವುದು ಅದರ ಮೇಲ್ಗಡೆ. ನುಡಿಸುವವನಿಗೆ ಕೇಳುವುದೂ ಎದುರು ಕೂತವರಿಗೆ ಕೇಳುವುದೂ ಒಂದೇ ಅಂತ ಇಪ್ಪತ್ತೈದು ವರ್ಷ ನಂಬಿಕೊಂಡು ಬಂದಿದ್ದೆ!

ಆಮೇಲೆ ಸಣ್ಣ ಒಡಲಿನ ಒಂದು. ಮಧುರವಾಗಿತ್ತು, ಬೆರಳಲ್ಲಿ ಮೀಟಿದರೆ ಮುತ್ತು ಸುರಿದ ಹಾಗೆ. ಜೋರಾಗಿ ಬೀಸಿದರೆ ಮಾತ್ರ ಒಂದು ಮಿತಿಯ ಆಚೆ ಬಿಗಿದುಕೊಳ್ಳುತ್ತಿತ್ತು, ಇನ್ನೂ ಜೋರು ಕೇಳಿದರೆ ಕಿರುಚುತ್ತಿತ್ತು. ಬಾರಿಸುವವನ ಗಿಟಾರಿಗೆ ಇದು ಮುಖ್ಯ ಪರೀಕ್ಷೆ ಅಂತ ಅವತ್ತು ತಿಳಿಯಿತು. ಮೆಲ್ಲಗೆ ಬಾರಿಸಿದಾಗ ಎಷ್ಟು ಚೆನ್ನಾಗಿದೆ ಅನ್ನುವುದು ಅರ್ಧ ಮಾತು. ಕೈ ಜೋರಾದಂತೆ ನಾದವೂ ಜೋರಾಗುತ್ತಾ ಬರುತ್ತದೋ, ಅಥವಾ ನಡುವೆಲ್ಲೋ "ಇನ್ನು ನನ್ನಿಂದಾಗಲ್ಲ" ಅಂತ ಕೈಚೆಲ್ಲುತ್ತದೋ?

ಉಳಿದಿದ್ದು ಎರಡು ಡ್ರೆಡ್‌ನಾಟ್‌ಗಳು, ಯಮಹಾದ ಎಫ್‌ಜಿ 820 ಮತ್ತು ಎಫ್‌ಜಿ 830. ಎರಡರ ಮೇಲ್ಹಲಗೆಯೂ ಅಖಂಡ ಸ್ಪ್ರೂಸ್ ಮರ. ಅಖಂಡ ಹೌದೋ ಪದರಗಳನ್ನು ಅಂಟಿಸಿದ್ದೋ ಅಂತ ನೋಡಲು ಸುಲಭದ ದಾರಿಯಿದೆ. ಸೌಂಡ್‌ಹೋಲಿನ, ಅಂದರೆ ಗಿಟಾರಿನ ನಡುವಿನ ತೂತಿನ, ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು. ಮೇಲಿನ ಮರದ ಗೆರೆಗಳು ಅಂಚಿನ ದಪ್ಪದೊಳಗೂ ಹಾಗೇ ಇಳಿದಿದ್ದರೆ ಅಖಂಡ, ಬ್ರೆಡ್ಡಿನ ಪದರದ ಹಾಗೆ ಅಡ್ಡ ಗೆರೆ ಕಂಡರೆ ಪ್ಲೈವುಡ್. ಎರಡಕ್ಕೂ ಇದ್ದ ವ್ಯತ್ಯಾಸ ಬೆನ್ನು ಮತ್ತು ಪಕ್ಕಗಳಲ್ಲಿ. 820ರದ್ದು ಮಹಾಗನಿ, 830ರದ್ದು ರೋಸ್‌ವುಡ್.

ರೋಸ್‌ವುಡ್ ಅಂದ ಕೂಡಲೇ ನನ್ನ ತಲೆ ಕೆಟ್ಟಿತು. ಇಂಡಿಯನ್ ರೋಸ್‌ವುಡ್ ಅಂತ ಜಗತ್ತು ಕರೆಯುವುದು ನಮ್ಮ ಬೀಟೆಯನ್ನೇ. ಅಜ್ಜನ ಮಂಚ ಬೀಟೆಯದು, ಜಗಲಿಯ ಬೆಂಚು ಬೀಟೆಯದು, ನಾಲ್ಕು ಜನ ಸೇರದೆ ಅಲ್ಲಾಡುವುದಿಲ್ಲ. ಮೈಸೂರಿನ ಕುಸುರಿಯವರು ಚಿತ್ರ ಕೂರಿಸುವುದು ಈ ಮರದಲ್ಲಿ. ನಮ್ಮ ತೋಟದ ಅಂಚಿನಲ್ಲಿ ಈಗಲೂ ಒಂದು ನಿಂತಿದೆ. ನಮ್ಮ ಜಮೀನಲ್ಲೇ ಬೆಳೆದಿದ್ದರೂ ಸರ್ಕಾರದ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಹಾಗಾಗಿ ಅದನ್ನು ಮನೆಯ ಹಿರಿಯರಂತೆ ದೂರದಿಂದ ನೋಡಿಕೊಂಡಿದ್ದೇವೆ. ಈ ಮರ ಅಮೆರಿಕದ ಗಿಟಾರಿಗೆ ಹೋಗಿದ್ದೂ ಒಂದು ಕಥೆ. ಮೊದಲೆಲ್ಲ ಒಳ್ಳೆಯ ಗಿಟಾರಿನ ಬೆನ್ನಿಗೆ ಬ್ರೆಜಿಲ್ಲಿನ ರೋಸ್‌ವುಡ್ ಹಾಕುತ್ತಿದ್ದರು. ಆ ದಿಮ್ಮಿ ಸಿಗುವುದು ಕಷ್ಟವಾದಾಗ ಮಾರ್ಟಿನ್‌ನವರು 1969ರಲ್ಲಿ ಭಾರತದ ಬೀಟೆಗೆ ಹೊರಳಿದರು. ಬ್ರೆಜಿಲ್ಲಿನ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲಿ ಪೂರ್ತಿ ಬೀಗ ಬಿತ್ತು. 2017ರಲ್ಲಿ ಬೀಟೆಯ ಇಡೀ ಕುಲವೇ ನಿರ್ಬಂಧದ ಪಟ್ಟಿಗೆ ಸೇರಿ, ಗಿಟಾರ್ ಹಿಡಿದು ಗಡಿ ದಾಟುವ ಸಂಗೀತಗಾರರಿಗೂ ಕಾಗದಪತ್ರದ ಚಿಂತೆ ಶುರುವಾಯಿತು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

ಇಷ್ಟೆಲ್ಲ ಪುರಾಣವನ್ನು ಮೇಷ್ಟ್ರಿಗೆ ಹೇಳಿದೆ. "ನಮ್ಮೂರ ಮರ ಸರ್" ಅಂತ 830ರ ಬೆನ್ನು ಸವರಿದೆ. ಘಟ್ಟದ ಬೀಟೆ ಅಂತ ಅದರ ಮೇಲೆ ಎಲ್ಲೂ ಬರೆದಿರಲಿಲ್ಲ, ನಾನೇ ನೆಂಟಸ್ತನ ಕಟ್ಟಿಕೊಂಡಿದ್ದು. ಈ ಬೆಲೆಯ ಗಿಟಾರಿನಲ್ಲಿ ಬೆನ್ನು ಪದರಹಲಗೆಯೇ, ಮೇಲಿನ ಹೊದಿಕೆ ಮಾತ್ರ ರೋಸ್‌ವುಡ್ ಅಂತ ಹುಡುಗ ಮೆಲ್ಲಗೆ ಹೇಳಿದ. ಆದರೂ ನಾನು ಮನಸ್ಸಿನಲ್ಲಿ ಆಗಲೇ ಕೊಂಡಾಗಿತ್ತು.

ಮೇಷ್ಟ್ರು ಎರಡನ್ನೂ ಕೇಳಿದರು. ಯಾವುದು ಯಾವುದು ಅಂತ ಹೇಳದೆ ಬಾರಿಸು ಅಂದರು. ಮೂರು ಸಲ ಅದಲುಬದಲು ಮಾಡಿದೆ, ಮೂರು ಸಲವೂ ಕೈ ತೋರಿಸಿದ್ದು ಮಹಾಗನಿಯ ಕಡೆ. "ಇದರಾಗ ಆರೂ ತಂತಿ ಕೂಡಿ ಹೋಗ್ತಾವ. ಅದರಾಗ ಒಂದೊಂದೂ ತನ್ನ ದಾರಿ ಹಿಡದಾವ."

ನನಗೂ ಹಾಗೇ ಕೇಳಿತು. ಮಹಾಗನಿಯಲ್ಲಿ ಕಾರ್ಡು ಒಂದೇ ಹಿಡಿಯಾಗಿ ಬಂದು ಬೀಳುತ್ತಿತ್ತು. ಮಹಾಗನಿ ನೇರ, ರೋಸ್‌ವುಡ್ ಅನುರಣನ ಹೆಚ್ಚು ಅಂತ ಎಲ್ಲ ಕಡೆ ಓದಿದ್ದೂ ತಾಳೆಯಾಯಿತು. ಅದನ್ನೇ ಕೊಂಡೆ. ಊರಿನ ನೆಂಟ ಗೋಡೆಯಲ್ಲೇ ನೇತಾಡುತ್ತಾ ಉಳಿದ.

ಇಲ್ಲಿಗೆ ನಿಲ್ಲಿಸಿದ್ದರೆ ನಾನೊಬ್ಬ ಮರದ ಪಂಡಿತನಾಗಿ ಕಾಣುತ್ತಿದ್ದೆ. ಬಿಲ್ ಹಾಕುವಾಗ ಹುಡುಗ ಬಾಯಿಬಿಟ್ಟ: 820 ಹಿಂದಿನ ವಾರ ಬಂದದ್ದು, 830 ಏಳೆಂಟು ತಿಂಗಳಿಂದ ಅಲ್ಲೇ ಇದೆ. ಎಂಟು ತಿಂಗಳು ಬಂದವರೆಲ್ಲ ಬೆವರು ಕೈಯಲ್ಲಿ ಬಾರಿಸಿದ ತಂತಿಗಳು! ಸತ್ತ ತಂತಿಯಲ್ಲಿ ಎಂಥ ಮರವೂ ಮಂಕೇ. ನಾವು ಹೋಲಿಸಿದ್ದು ಮಹಾಗನಿಯನ್ನೂ ಬೀಟೆಯನ್ನೂ ಅಲ್ಲ, ಹೊಸ ತಂತಿಯನ್ನೂ ಹಳೇ ತಂತಿಯನ್ನೂ ಇದ್ದೀತು.

ಮನೆಗೆ ಬಂದು ಮತ್ತೆ ಓದಿದೆ, ಈ ಸಲ ಜಾಹೀರಾತು ಬಿಟ್ಟು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದ್ದಾರೆ. ಒಂದೇ ವಿನ್ಯಾಸದ ಆರು ಗಿಟಾರು, ಬೆನ್ನು-ಪಕ್ಕಗಳ ಮರ ಮಾತ್ರ ಬೇರೆ ಬೇರೆ. ಬ್ರೆಜಿಲ್ಲಿನ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ ಎಲ್ಲ ಇದ್ದವು. ಮರ ಕಾಣದಂತೆ ಮಬ್ಬುಗತ್ತಲಲ್ಲಿ, ಕಣ್ಣಿಗೆ ವೆಲ್ಡಿಂಗ್ ಕನ್ನಡಕ ಹಾಕಿಸಿ 52 ಗಿಟಾರ್ ವಾದಕರ ಕೈಗೆ ಕೊಟ್ಟರು. ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದು ಹೊಸ ಸುದ್ದಿಯೂ ಅಲ್ಲ. ಸ್ಪೇನಿನ ಆಂಟೋನಿಯೊ ಡಿ ಟೊರೆಸ್ ಅನ್ನುವ ಗಿಟಾರ್ ಮೇಸ್ತ್ರಿ 1862ರಲ್ಲೇ ಬೆನ್ನು-ಪಕ್ಕಗಳನ್ನು ಕಾಗದದ ರಟ್ಟಿನಲ್ಲಿ ಮಾಡಿ, ಮೇಲ್ಹಲಗೆಯನ್ನು ಮಾತ್ರ ಒಳ್ಳೆಯ ಸ್ಪ್ರೂಸಿನಲ್ಲಿ ಕೂರಿಸಿ ತೋರಿಸಿದ್ದ. ನಾದ ಹುಟ್ಟುವುದು ಮೇಲ್ಹಲಗೆಯಲ್ಲಿ, ಅದರ ಹೊಟ್ಟೆಯೊಳಗೆ ಅಂಟಿಸಿದ ಪಟ್ಟಿಗಳಲ್ಲಿ ಅನ್ನುವುದು ಅವನ ವಾದ. ಆ ಕಾಗದದ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಅಜ್ಜನ ಮಂಚದ ಅಭಿಮಾನ ಬೇರೆ, ನಾದ ಬೇರೆ. ಹಾಗಂತ ಬೀಟೆಯ ಗಿಟಾರೊಂದು ಕಣ್ಣೆದುರು ಬಂದರೆ ನನ್ನ ಕೈ ಈಗಲೂ ಅದರ ಬೆನ್ನಿಗೇ ಹೋಗುತ್ತದೆ, ಅದನ್ನೇನೂ ಮಾಡಲಾಗದು.

ಹೊಸ ಗಿಟಾರಿನೊಂದಿಗೆ ಮೊದಲ ಶನಿವಾರ ಬಂತು. ಅರ್ಧ ಹಾಡಿಗೇ ಮೇಷ್ಟ್ರು ಹುಬ್ಬು ಗಂಟಿಕ್ಕಿದರು. "ಡಬ್ಬಿ ತುಂಬೇದ. ಆದ್ರ ನೀ ಅದನ್ನ ಒಂದೇ ಸವನ ಅಲ್ಲಾಡಸಾಕತ್ತೀದಿ."

ನನಗೆ ಪಾಠ ಹೇಳಿದ್ದು ತಬಲಾ ಹುಡುಗ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವ ಇಪ್ಪತ್ತಾರರ ಪೋರ. ನಮ್ಮ ಭಾವಗೀತೆಗಳು ಬಹುಪಾಲು ಕೆಹರವಾ ತಾಳ, ಇಲ್ಲ ದಾದ್ರಾ. ಕೆಹರವಾ ಅಂದರೆ ಧಾ ಗೆ ನ ತಿ, ನ ಕ ಧಿ ನ. "ಧಾ ಅಂದ್ರೆ ಎಡಗೈ ಬಲಗೈ ಎರಡೂ ಬೀಳುತ್ತೆ ಸರ್, ನ ಅಂದ್ರೆ ಬಲಗೈ ಮಾತ್ರ. ನೀವು ಎಂಟಕ್ಕೆ ಎಂಟೂ ಧಾ ಬಾರಿಸ್ತಿದೀರಿ" ಅಂದ. ಅಯ್ಯೋ ಅನ್ನಿಸಿತು. ಪ್ರತಿ ಏಟಿಗೂ ಆರೂ ತಂತಿ ಉಜ್ಜುತ್ತಿದ್ದೆ. ಧಾ ಬಂದಾಗ ಮಾತ್ರ ದಪ್ಪ ತಂತಿಯಿಂದ ಪೂರ್ತಿ ಬೀಸು, ನ ಬಂದಾಗ ಕೆಳಗಿನ ಮೂರು ಸಣ್ಣ ತಂತಿಗಳನ್ನು ಸವರಿ ಬಿಡು. ಹಾಗೆ ಮಾಡಿದ ಮರುಗಳಿಗೆಯೇ ಅದೇ ಗಿಟಾರು ಎರಡರಷ್ಟು ದೊಡ್ಡದಾಯಿತು. ಖಾಲಿ ಬಿಟ್ಟ ಜಾಗದಿಂದಲೇ ಧಾ ತುಂಬಿ ಬರುತ್ತಿತ್ತು. ಆ ನೀಲಿ ಡಬ್ಬಿಗೂ ಈ ವಿದ್ಯೆ ಹೇಳಿಕೊಟ್ಟಿದ್ದರೆ ಮೂವತ್ತು ಸಾವಿರ ಉಳಿಯುತ್ತಿತ್ತೇನೋ ಅಂತ ಹೆಂಡತಿ ಕೇಳಿದಳು. ಇಲ್ಲ ಅಂತ ಒಂದು ಸಂಜೆ ಪೂರ್ತಿ ಬಾರಿಸಿ ರುಜುವಾತು ಮಾಡಬೇಕಾಯಿತು.

ತಂತಿಗೆ ಬೀಸುವ ಪುಟ್ಟ ಬಿಲ್ಲೆ, ಪ್ಲೆಕ್ಟ್ರಮ್ಮೂ ಬದಲಾಯಿತು. ನನ್ನ ಹತ್ತಿರ ಇದ್ದದ್ದು 0.46 ಮಿಲಿಮೀಟರಿನ ತೆಳು ಪಿಕ್ಕು, ಬೀಸಲು ಹಗುರ. ಆದರೆ ತಂತಿಗಿಂತ ಮೊದಲು ಅದರದೇ ಚಟಚಟ ಕೇಳುತ್ತದೆ, ಗಾಳಿಗೆ ಕ್ಯಾಲೆಂಡರ್ ಹಾಳೆ ಬಡಿದುಕೊಂಡ ಹಾಗೆ. 0.73ಕ್ಕೆ ಬಂದ ಮೇಲೆ ಸ್ವರಕ್ಕೆ ಮೈ ಬಂತು. ಅದಕ್ಕಿಂತ ದಪ್ಪ ನನ್ನ ಮಣಿಕಟ್ಟಿಗೆ ಒಗ್ಗಲಿಲ್ಲ. ಬ್ರಿಜ್ಜಿನ ಹತ್ತಿರ ಬಾರಿಸುವ ಚಟ ಬಿಟ್ಟು ಕೈಯನ್ನು ಸೌಂಡ್‌ಹೋಲಿನ ಮೇಲೆ, ಕುತ್ತಿಗೆಯ ಕಡೆಗೆ ಸರಿಸಿದೆ. ಒಂದು ಗೇಣಿನ ಅಂತರ, ಎಷ್ಟೊಂದು ಫರಕು.

ಇನ್ನು ಕ್ಯಾಪೊ, ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು. ಮೇಷ್ಟ್ರ ಶ್ರುತಿ ಕರಿ ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಕರಿ ಮನೆ. ನಾನು ಎಷ್ಟೋ ವರ್ಷದಿಂದ ಮೂರನೇ ಫ್ರೆಟ್ಟಿಗೆ ಕ್ಯಾಪೊ ಕಚ್ಚಿಸಿ ಸಿ ಕಾರ್ಡ್ ಹಿಡಿಯುತ್ತಿದ್ದೆ. ಲೆಕ್ಕ ಸರಿ. ಆದರೆ ಕ್ಯಾಪೊ ಮೇಲೆ ಹೋದಷ್ಟೂ ತಂತಿಯ ಉದ್ದ ಕಡಿಮೆ, ತಳದ ಸ್ವರಗಳು ಖರ್ಚಾಗುತ್ತಾ ಹೋಗುತ್ತವೆ. ಡ್ರೆಡ್‌ನಾಟ್ ಕೊಂಡು ಮೂರನೇ ಮನೆಗೆ ಕ್ಯಾಪೊ ಹಾಕುವುದು ದೊಡ್ಡ ಮನೆ ಕಟ್ಟಿಸಿ ಅಡುಗೆಮನೆಯಲ್ಲೇ ಮಲಗಿದ ಹಾಗೆ. ಒಂದು ದಿನ ದಪ್ಪ ತಂತಿಯನ್ನು ಇ ಇಂದ ಡಿಗೆ ಇಳಿಸಿ, ಮೊದಲನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ ಡಿ ಕಾರ್ಡ್ ಹಿಡಿದೆ. ಶ್ರುತಿ ಅದೇ ಕರಿ ಎರಡು. ಆದರೆ ಈಗ ಮೇಲಿನ ಮೂರು ದಪ್ಪ ತಂತಿಗಳು ಏನೂ ಒತ್ತದೆ ಬಿಟ್ಟರೆ ಡಿ, ಎ, ಡಿ.

ಷಡ್ಜ, ಪಂಚಮ, ಷಡ್ಜ.

ತಂಬೂರಿ! ಇಷ್ಟು ವರ್ಷ ಗಿಟಾರಿನೊಳಗೆ ಹುಡುಕಿದ್ದು ಇದನ್ನೇ ಅಂತ ಆ ಕ್ಷಣಕ್ಕೆ ಗೊತ್ತಾಯಿತು. ತತ್ವಪದಕ್ಕೆ ಏಕತಾರಿ, ಕಛೇರಿಗೆ ತಂಬೂರಿ ಕೇಳಿಕೊಂಡು ಬೆಳೆದ ಕಿವಿ ನಮ್ಮದು. ಹಾಡಿನ ಕೆಳಗೆ ನೆಲದ ಹಾಗೆ ಒಂದು ಷಡ್ಜ ಹಾಸಿರಬೇಕು, ಅದರ ಮೇಲೆ ಬೇಕಾದವರು ಬೇಕಾದಲ್ಲಿ ಕೂರಲಿ. ಪಾಶ್ಚಾತ್ಯ ಹಾಡಿಗೆ ಸ್ಟ್ರಮ್ ಮಾಡುವವನಿಗೆ ತುಂಬು ಅಂದರೆ ಬೇರೆ ಇರಬಹುದು. ಅವನ ಕಾರ್ಡುಗಳು ಸಾಲಿಗೊಂದು ಬದಲಾಗುತ್ತವೆ, ಪ್ರತಿಯೊಂದಕ್ಕೂ ಬೇರೆ ತಳ ಬೇಕು. ನಮ್ಮ ಒಂದು ತತ್ವಪದ ಎರಡೇ ಕಾರ್ಡಿನಲ್ಲಿ ಮುಗಿದುಹೋಗುತ್ತದೆ. ಅಂಗಡಿಯಲ್ಲಿ ನಾನು ಪರೀಕ್ಷೆ ಮಾಡಬೇಕಾಗಿದ್ದು ಇಷ್ಟೇ: ದಪ್ಪ ತಂತಿಯನ್ನು ಡಿಗೆ ಇಳಿಸಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೋ, ಸಡಿಲಾಗಿ ಬುಸುಗುಡುತ್ತದೋ. ನನ್ನ ಪುಣ್ಯ, 12ರ ಸೆಟ್ಟಿನ (ಅತಿ ಸಣ್ಣ ತಂತಿಯ ದಪ್ಪ 0.012 ಇಂಚು) ತಂತಿ ಹಾಕಿದ್ದಕ್ಕೆ ನಿಂತಿತು. 11ರ ಸೆಟ್ಟು ಬೆರಳಿಗೆ ಮೃದು ಅಂತ ಒಮ್ಮೆ ಹಾಕಿ ನೋಡಿದೆ, ಇಳಿಸಿದ ತಂತಿ ಹಳೇ ಟೇಪ್‌ರೆಕಾರ್ಡರಿನ ಟೇಪಿನ ಹಾಗೆ ಜೋಲಿತು. ಹೊಸತರಲ್ಲಿ ಥಳಥಳ ಜಾಸ್ತಿ ಇರುವ 80/20 (ತಾಮ್ರ-ಸತುವಿನ) ತಂತಿಗಿಂತ ಫಾಸ್ಫರ್ ಬ್ರಾಂಜ್ ತಂತಿ ನಮ್ಮ ಹಾರ್ಮೋನಿಯಂ ಜೊತೆ ಚೆನ್ನಾಗಿ ಬೆರೆಯುತ್ತದೆ ಅನ್ನುವುದು ನನ್ನ ಕಿವಿಯ ತೀರ್ಪು, ಜಗಳಕ್ಕೆ ಬರಬೇಡಿ.

ಊರಿಗೆ ಮಳೆಗಾಲದಲ್ಲಿ ಈ ಗಿಟಾರನ್ನು ಒಯ್ಯುವುದಿಲ್ಲ. ಮರಕ್ಕೆ ಹಿತವಾದ ತೇವ ನೂರಕ್ಕೆ 45ರಿಂದ 55. ಆಷಾಢದ ತೀರ್ಥಹಳ್ಳಿಯಲ್ಲಿ ಅದು ಬಚ್ಚಲುಮನೆಯ ಲೆಕ್ಕ. ತೇವ ಕುಡಿದ ಮೇಲ್ಹಲಗೆ ಉಬ್ಬುತ್ತದೆ, ತಂತಿ ಎತ್ತರವಾಗುತ್ತದೆ, ನಾದ ಒದ್ದೆ ಚಾಪೆಯಾಗುತ್ತದೆ. ಬೆಂಗಳೂರಿನ ಫೆಬ್ರವರಿ-ಮಾರ್ಚ್ ಇದಕ್ಕೆ ತದ್ವಿರುದ್ಧ, ಒಣಗಿ ಫ್ರೆಟ್ಟಿನ ತುದಿಗಳು ಅಂಗೈಗೆ ಗೀರುತ್ತವೆ. ಇನ್ನೂರು ಚಿಲ್ಲರೆಯ ತೇವಮಾಪಕ ಒಂದನ್ನು ಚೀಲದಲ್ಲಿಟ್ಟಿದ್ದೇನೆ. ಅಮ್ಮ ಫೋನಿನಲ್ಲಿ ಕೇಳುತ್ತಿರುತ್ತಾಳೆ, "ಅಟ್ಟದ ಮೇಲೆ ಜಾಗ ಇದೆ, ತಗಂಡು ಬಾ."

ಮೊನ್ನೆ ಶನಿವಾರ ಮೇಷ್ಟ್ರಿಗೆ ಗಂಟಲು ಕಟ್ಟಿತ್ತು. "ಇವತ್ತು ಕರಿ ಎರಡು ಆಗಂಗಿಲ್ಲಪಾ, ಕರಿ ಒಂದಕ್ಕ ಇಳಸು" ಅಂದರು. ನಾನು ಸುಲಭದ ದಾರಿ ಹಿಡಿದೆ. ಕ್ಯಾಪೊ ಅಲ್ಲೇ ಇರಲಿ ಅಂತ ಸಿ ಆಕಾರ ಹಿಡಿದೆ. ಶ್ರುತಿ ಸರಿಯಾಗಿ ಕರಿ ಒಂದು, ಯಾರೂ ತಪ್ಪು ಹೇಳುವಂತಿಲ್ಲ. ಎರಡು ಸಾಲು ಹಾಡಿ ಮೇಷ್ಟ್ರು ನಿಂತರು. ನನ್ನ ಕಡೆ, ನಂತರ ಗಿಟಾರಿನ ಕಡೆ ನೋಡಿದರು.

"ಕೆಳಗಿನ ಷಡ್ಜ ಎಲ್ಲಿ ಹೋತು?"

ಕ್ಯಾಪೊ ಬಿಚ್ಚಿ ಪಕ್ಕಕ್ಕಿಟ್ಟೆ. ಆರೂ ತಂತಿಗಳನ್ನು ಅರ್ಧರ್ಧ ಸ್ವರ ಸಡಿಲಿಸುತ್ತಾ ಕೂತೆ. ಉಪ್ಪಿಟ್ಟು ತಣ್ಣಗಾಗುತ್ತಿದೆ ಅಂತ ಒಳಗಿಂದ ಯಾರೋ ಕೂಗಿದರು. ಮೇಷ್ಟ್ರು ಕಣ್ಣು ಮುಚ್ಚಿ ಕಾಯುತ್ತಿದ್ದರು.